ಲಾಲಿ ಮನೆತನದವರು

ತಾಜುದ್ದೀನ್ ಲಾಲಿಯವರು ಫ್ರೆಂಚರಾದದ್ದು ಒಂದು ಮಂಗಳವಾರ, ಆಫೀಸಿನ ಅಡುಗೆಕೋಣೆಯಲ್ಲಿ, ಕೆಟಲಿನ ನೀರು ಕುದಿಯುವಷ್ಟರೊಳಗೆ. ಅದಕ್ಕೆ ಮೊದಲು ಎಷ್ಟೋ ವರ್ಷ ಅವರು ಪಂಜಾಬಿಯಾಗಿದ್ದರು.

ಪಂಜಾಬಿಯಾಗಿದ್ದದ್ದು ಅವರ ತಪ್ಪಲ್ಲ. ಚನ್ನಪಟ್ಟಣದಲ್ಲಿ ಹುಟ್ಟಿ, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ವುಲ್ವರ್‌ಹ್ಯಾಂಪ್ಟನ್ನಿಗೆ ಬಂದು ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದವರು ಅವರು. ಆದರೆ ಈ ಊರಿನಲ್ಲಿ ಲಾಲಿ ಎಂದರೆ ಜಲಂಧರದ ಕಡೆಯವರು ಎಂದೇ ಲೆಕ್ಕ. ಪಕ್ಕದ ರಸ್ತೆಯಲ್ಲಿ ಗುರ್ಮೀತ್ ಸಿಂಗ್ ಲಾಲಿ ಎಂಬ ಹಿರಿಯರು ಟೈಲ್ಸ್ ಅಂಗಡಿ ಇಟ್ಟಿದ್ದಾರೆ. ಬೆಳಿಗ್ಗೆ ಏಳುವ ಮುಂಚೆ ತಾಜುದ್ದೀನರ ಫೋನ್ ಬಡಿದುಕೊಂಡರೆ ಅದು ಬಚ್ಚಲುಮನೆಯ ಟೈಲ್ಸ್ ಕಿತ್ತುಬಂದವರದು. ಗುರ್ಮೀತರಿಗೆ ಊಟದ ಹೊತ್ತಿನಲ್ಲಿ ಫೋನ್ ಬಂದರೆ ಅದು ಲಿಫ್ಟಿನೊಳಗೆ ಸಿಕ್ಕಿಕೊಂಡವರದು. ಇಬ್ಬರೂ ಸಜ್ಜನರಾದ್ದರಿಂದ ಒಬ್ಬರ ಗಿರಾಕಿಗೆ ಇನ್ನೊಬ್ಬರು ಧೈರ್ಯ ಹೇಳಿ ನಂಬರು ಕೊಡುತ್ತಿದ್ದರು. ಬಸ್ ಸ್ಟಾಪಿನಲ್ಲಿ ಸಿಕ್ಕ ಸರ್ದಾರ್ ಅಜ್ಜಂದಿರು "ನಿಂದು ಯಾವ ಹಳ್ಳಿ ಮಗಾ?" ಎಂದು ಕೇಳುವರು. ಚನ್ನಪಟ್ಟಣ ಎಂದರೆ, ಅದು ಸಟ್ಲೆಜ್ ನದಿಯ ಈಚೆಗೋ ಆಚೆಗೋ ಎಂದು ತಮ್ಮತಮ್ಮಲ್ಲೇ ಚರ್ಚೆಗೆ ಇಳಿಯುವರು.

ಇಂಥ ಮನುಷ್ಯನಿಗೆ ಆ ಮಂಗಳವಾರ ಕ್ಲೇರ್ ಎಂಬ ಹೊಸ ಸಹೋದ್ಯೋಗಿ, ಫ್ರಾನ್ಸಿನ ಹುಡುಗಿ, ಎದೆಯ ಮೇಲಿನ ಹೆಸರಿನ ಬಿಲ್ಲೆ ನೋಡಿ, "ಲಾಲಿ? ಇದು ನಮ್ಮ ಕಡೆ ಹೆಸರಲ್ವಾ?" ಅಂದುಬಿಟ್ಟಳು. ಹಿಂದೆ ಪಾಂಡಿಚೇರಿಯಲ್ಲಿ ಫ್ರೆಂಚರ ಗವರ್ನರ್ ಆಗಿದ್ದ ಕೌಂಟ್ ಲಾಲಿ ಎಂಬಾತ ವಾಂಡಿವಾಶ್ ಯುದ್ಧ ಸೋತು, ಪ್ಯಾರಿಸ್ಸಿನಲ್ಲಿ ತಲೆ ಕಳೆದುಕೊಂಡ ಕಥೆಯನ್ನು ಚಹಾಕ್ಕೆ ಸಕ್ಕರೆ ಕಲಕುತ್ತಲೇ ಹೇಳಿದಳು. ಹೇಳಿ, ಚಹಾ ಎತ್ತಿಕೊಂಡು ಹೋದಳು. ಅವಳಿಗೆ ಅದು ಅಲ್ಲಿಗೆ ಮುಗಿಯಿತು.

ತಾಜುದ್ದೀನರಿಗೆ ಶುರುವಾಯಿತು. ಮನೆಗೆ ಬಂದವರು ಕಂಪ್ಯೂಟರ್ ಮುಂದೆ ಕೂತು ಇನ್ನೊಂದು ಸಂಗತಿ ಪತ್ತೆ ಹಚ್ಚಿದರು. ಹೈದರಾಲಿಯ ಸೈನ್ಯದಲ್ಲೂ ಲಾಲೀ ಎಂಬ ಫ್ರೆಂಚ್ ದಳಪತಿ ಇದ್ದನಂತೆ. ಹೈದರಾಲಿ ಎಂದರೆ ಶ್ರೀರಂಗಪಟ್ಟಣ. ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಹೋಗಬೇಕಾದರೆ ಚನ್ನಪಟ್ಟಣ ದಾಟಲೇಬೇಕು. ದಂಡು ದಾಟುವಾಗ ದಣಿದ ದಳಪತಿ ಅಲ್ಲಿ ಇಳಿದಿರಲೇಬೇಕು. ಇಳಿದವನು ಸುಮ್ಮನೆ ಹೋಗಿರುತ್ತಾನೆಯೇ. ತಾಜುದ್ದೀನರ ಮೂಗು ಕೊಂಚ ನೀಳವಾಗಿತ್ತು. ಅಲ್ಲಿಗೆ ಸಾಕ್ಷ್ಯ ಪೂರ್ತಿಯಾಯಿತು.

ಮರುದಿನ ಅವರು ಇದನ್ನೆಲ್ಲ ಮೊದಲು ಹೇಳಿದ್ದು ನನಗೆ. ನಾನು ವಿರೂಪಾಕ್ಷ ಪಾಟೀಲ, ಗದಗಿನವನು, ಇಲ್ಲಿ ಹಲ್ಲಿನ ಡಾಕ್ಟರು. ಅವರ ಮನೆಗೂ ನನ್ನ ಮನೆಗೂ ನಡುವೆ ಒಂದು ಬೇಲಿ, ಅದರಲ್ಲೊಂದು ಸಂದು.

"ಮೂಗು ನೋಡಿ ವಿರೂಪಾಕ್ಷ ಅವರೇ," ಎಂದರು ಬೇಲಿಯ ಸಂದಿನಿಂದ ಮುಖ ತೋರಿಸಿ. "ನಿಷ್ಪಕ್ಷಪಾತವಾಗಿ ಹೇಳಿ."

"ನಾನು ನೋಡೋದು ಹಲ್ಲು ಮಾತ್ರ," ಎಂದೆ.

"ಹಲ್ಲಾದ್ರೂ ನೋಡಿ."

ಹಲ್ಲು ಅಪ್ಪಟ ರಾಮನಗರ ಜಿಲ್ಲೆಯದಾಗಿತ್ತು. ಆದರೆ ಅಷ್ಟು ಖುಷಿಯಲ್ಲಿ ಅವರನ್ನು ಎಂದೂ ನೋಡಿರದ ನಾನು ಹಲ್ಲು ಗಟ್ಟಿಯಾಗಿವೆ ಎಂದಷ್ಟೇ ಹೇಳಿದೆ.

ಅವರ ಹೆಂಡತಿ ನಿಗಾರ್ ದಾವಣಗೆರೆಯವರು, ಶಾಲೆಯೊಂದರಲ್ಲಿ ಲೆಕ್ಕದ ಟೀಚರು. ಸಂಗತಿ ಕೇಳಿ ಆಕೆ, "ಫ್ರೆಂಚ್ ಆಗೋದು ಆಗ್ಲಿ. ಕಸದ ಬಿನ್ ಹೊರಗಿಡೋದು ಇವತ್ತು ನಿಮ್ಮ ಸರದಿ," ಎಂದರು. ಮಗಳು ಯುಸ್ರಾ ಲೀಡ್ಸಿನಲ್ಲಿ ಓದುತ್ತಿದ್ದವಳು ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು, ಎಂದಿನಂತೆ ಇಂಗ್ಲಿಷಿನಲ್ಲಿ, "ಅಬ್ಬಾಜಾನ್, ಅವರು ಆ ಕೌಂಟನ ತಲೆ ತೆಗೆದರು ಅನ್ನೋದು ನಿಮಗೆ ನೆನಪಿದೆ ತಾನೆ?" ಎಂದು ಕೇಳಿದಳಂತೆ.

ಮುಂದಿನ ವಾರ ಅವರ ಮನೆಯ ಬಾಗಿಲ ಪಕ್ಕದಲ್ಲಿ ಹಿತ್ತಾಳೆಯ ಫಲಕವೊಂದು ಬಂತು. 'ಶಾತೋ ಲಾಲಿ.' ಶಾತೋ ಎಂದರೆ ಫ್ರೆಂಚಿನಲ್ಲಿ ಕೋಟೆ, ಅರಮನೆ. ಮೂರು ಬೆಡ್‌ರೂಮಿನ, ಒಂದು ಗೋಡೆ ಪಕ್ಕದವರ ಜೊತೆ ಹಂಚಿಕೊಂಡ ಆ ಅರಮನೆಯ ಮುಂದೆ ಜನ ನಿಂತು ಓದತೊಡಗಿದರು. ಯಾರೋ ಒಬ್ಬರು ಅದನ್ನು ಇಂಟರ್ನೆಟ್ಟಿನಲ್ಲಿ ಹೊಸ ಹೋಟೆಲೆಂದು ಹಾಕಿದರು. ಶುಕ್ರವಾರ ಸಂಜೆ ವಯಸ್ಸಾದ ದಂಪತಿ ಒಳ್ಳೇ ಬಟ್ಟೆ ಹಾಕಿಕೊಂಡು ಬಂದು ಬೆಲ್ ಮಾಡಿ, ಕಿಟಕಿ ಪಕ್ಕದ ಟೇಬಲ್ ಸಿಗಬಹುದೇ ಎಂದು ಕೇಳಿದರು. ಆ ದಿನ ಅವರ ಮದುವೆಯ ವಾರ್ಷಿಕೋತ್ಸವವಂತೆ. ನಿಗಾರ್ ಆ ದಂಪತಿಯನ್ನು ಹಿಂದಕ್ಕೆ ಕಳಿಸಲಾರದೆ ಕೂರಿಸಿ, ಮನೆಗೆಂದು ಮಾಡಿದ್ದ ಕೈಮಾ ಮತ್ತು ಚಪಾತಿ ಬಡಿಸಿದರು. ಅವರು ಹೋಗುವಾಗ ಫ್ರೆಂಚ್ ಅಡುಗೆ ಇಷ್ಟು ಖಾರವಿರುತ್ತದೆಂದು ಗೊತ್ತಿರಲಿಲ್ಲ ಎಂದು ಹೊಗಳಿ, ಇಂಟರ್ನೆಟ್ಟಿನಲ್ಲಿ ಐದು ನಕ್ಷತ್ರ ಕೊಟ್ಟರು.

ಐದು ನಕ್ಷತ್ರ ನೋಡಿಕೊಂಡು ಕೌನ್ಸಿಲ್ಲಿನ ಆಹಾರ ತಪಾಸಣೆಯ ಹೆಂಗಸು ಬಂದಳು. ಆಕೆ ಬಂದದ್ದು ಭಾನುವಾರದ ಕನ್ನಡ ಸಂಘದ ಊಟಕ್ಕೆ ನಿಗಾರ್ ಅರವತ್ತು ಜನರ ಬಿರಿಯಾನಿ ದಮ್ಮಿಗೆ ಇಟ್ಟಿದ್ದ ಹೊತ್ತಿಗೆ. ಆ ಹಂಡೆ ನೋಡಿದ ಮೇಲೆ "ಇದು ಬರೀ ಮನೆ" ಎಂಬ ಮಾತನ್ನು ನಂಬುವ ಅಧಿಕಾರಿ ಜಗತ್ತಿನಲ್ಲಿಲ್ಲ. ತಾಜುದ್ದೀನರು ಆಕೆಯನ್ನು ಸೋಫಾದ ಮೇಲೆ ಕೂರಿಸಿ ವಾಂಡಿವಾಶ್ ಯುದ್ಧದಿಂದ ಆರಂಭಿಸಿದರು. ಯುದ್ಧ ಮುಗಿದು ಕೌಂಟ್ ಲಾಲಿ ಸೆರೆಯಾಗುವ ಹೊತ್ತಿಗೆ ಆಕೆ ಎದ್ದು, "ದಯವಿಟ್ಟು ಫಲಕ ಬದಲಾಯಿಸಿ," ಎಂದಷ್ಟೇ ಹೇಳಿ ಹೊರಟುಹೋದಳು.

ಕನ್ನಡ ಸಂಘದಲ್ಲಿ ಪರಿಣಾಮ ಬೇರೆಯೇ ಆಯಿತು. ಅಧ್ಯಕ್ಷರಾದ ಡಾಕ್ಟರ್ ಶರಣಪ್ಪನವರು ಅವತ್ತೇ ಬಿರಿಯಾನಿ ತಿನ್ನುತ್ತ, "ಹಾಗೆ ನೋಡಿದರೆ ನಮ್ಮ ಮನೆತನಾನೂ ಸಣ್ಣದೇನಲ್ಲ, ಕಲ್ಯಾಣದ ಚಾಲುಕ್ಯರ ಹತ್ತಿರ ನಮ್ಮವರು ದಂಡನಾಯಕರು," ಎಂದು ಬಾಯಿಬಿಟ್ಟರು. ಅವರ ಶ್ರೀಮತಿ ನೀಲಾಂಬಿಕಾ, ಗಂಡನಿಗಿಂತ ಕಡಿಮೆಯಾಗಲು ಒಪ್ಪದೆ, ಕೆಳದಿಯ ಅರಸರವರೆಗೂ ಹೋಗಿಬಂದರು. ಒಂದೇ ತಿಂಗಳಲ್ಲಿ ಸಂಘವೆಲ್ಲ ಸಾಮಂತರು, ಪಾಳೆಯಗಾರರಿಂದ ತುಂಬಿಹೋಗಿ, ಆಳಿಸಿಕೊಳ್ಳಲು ಪ್ರಜೆಯಾಗಿ ಉಳಿದವನು ನಾನೊಬ್ಬನೇ.

ಟೈಲ್ಸ್ ಅಂಗಡಿಯ ಗುರ್ಮೀತರು ಮಾತ್ರ ಒಂದು ಸಂಜೆ ಚಿಂತೆಯ ಮುಖ ಮಾಡಿಕೊಂಡು ಬಂದರು. "ನೀನು ಫ್ರೆಂಚ್ ಆದ್ರೆ ನಾನು ಏನು?"

"ನೀವೂ ಇರಬಹುದು ಸಿಂಗ್ ಸಾಹೇಬ್ರೇ. ರಣಜಿತ್ ಸಿಂಗರ ಸೈನ್ಯದಲ್ಲೂ ಫ್ರೆಂಚರಿದ್ದರು," ಎಂದರು ತಾಜುದ್ದೀನ್ ಉದಾರವಾಗಿ.

ಗುರ್ಮೀತರು ಗಡ್ಡ ನೀವಿಕೊಂಡು ಬಹಳ ಹೊತ್ತು ಯೋಚಿಸಿದರು. "ಸದ್ಯಕ್ಕೆ ನನ್ನ ಹೆಂಡತಿಗೆ ಹೇಳ್ಬೇಡ," ಎಂದು ಎದ್ದು ಹೋದರು.

ಈ ಹೊತ್ತಿಗೆ ಸುದ್ದಿ ನಮ್ಮ ಬಡಾವಣೆಯ ಲೈಬ್ರರಿಗೂ ಮುಟ್ಟಿತ್ತು. ಅಲ್ಲಿ ತಿಂಗಳಿಗೊಮ್ಮೆ ಊರಿನ ಇತಿಹಾಸದ ಮೇಲೆ ಭಾಷಣವಿರುತ್ತದೆ. ಆ ತಿಂಗಳು ಮಾತಾಡಬೇಕಾಗಿದ್ದವರಿಗೆ ಗಂಟಲು ಕಟ್ಟಿದ್ದರಿಂದ ತಾಜುದ್ದೀನರನ್ನು ಕರೆದರು. ಅವರು ಸೂಟು ಹೊಲಿಸಿ, ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ತಮ್ಮ ಹೆಸರು ಮೂಡಿಸಿ, ಅದರ ಕೆಳಗೆ ಪ್ರಪಂಚದ ಭೂಪಟ ಹರಡಿದರು. ಲಾಲಿ ಎಂಬ ಹೆಸರಿನ ಜನ, ಊರು, ಬೀದಿ ಎಲ್ಲೆಲ್ಲಿವೆಯೋ ಅಲ್ಲೆಲ್ಲ ಕೆಂಪು ಚುಕ್ಕೆ. ಫ್ರಾನ್ಸ್, ಪಾಂಡಿಚೇರಿ, ಪಂಜಾಬು, ಇರಾನಿನಲ್ಲೊಂದು ಪಟ್ಟಣ, ಐರ್ಲೆಂಡಿನ ಒಂದು ಮೂಲೆ. ಚನ್ನಪಟ್ಟಣದ ಚುಕ್ಕೆ ಉಳಿದವಕ್ಕಿಂತ ಸ್ವಲ್ಪ ದಪ್ಪಗಿತ್ತು. ಕೇಳಲು ಬಂದವರು ನಾನು, ನಿಗಾರ್, ಗುರ್ಮೀತ್, ಮತ್ತು ಮನೆಯಲ್ಲಿ ಹೀಟರ್ ಹಾಕುವ ಖರ್ಚು ಉಳಿಸಲು ದಿನವೂ ಲೈಬ್ರರಿಯಲ್ಲೇ ಕೂರುವ ಕೆಲವು ವೃದ್ಧರು.

ಭಾಷಣ ಮುಗಿದಾಗ ಆ ವೃದ್ಧರಲ್ಲೊಬ್ಬರು ಕೋಲೂರಿ ಎದ್ದು ನಿಂತರು. ಎತ್ತರದ ಆಳು, ಕೆಂಪಗಿನ ಮುಖ, ಇಸ್ತ್ರಿ ಕಾಣದ ಕೋಟು.

"ನಿಮ್ಮ ಕೌಂಟ್ ಲಾಲಿಯ ಅಪ್ಪ ಐರ್ಲೆಂಡಿನವನು. ನಮ್ಮ ಟೂಮ್ ಪಟ್ಟಣದ ಹತ್ತಿರದವನು," ಎಂದರು. "ಅಲ್ಲಿಂದ ಫ್ರಾನ್ಸಿಗೆ ಓಡಿಹೋಗಿದ್ದು. ನನ್ನ ಹೆಸರು ಫ್ರಾನ್ಸಿಸ್ ಲಾಲಿ. ಫ್ರ್ಯಾಂಕ್ ಅನ್ನಿ. ಹಾಗಾದ್ರೆ ನೀವು ನನಗೆ ಕಸಿನ್ ಆಗಬೇಕಲ್ಲ."

ಸಭೆ ಚಪ್ಪಾಳೆ ತಟ್ಟಿತು. ತಾಜುದ್ದೀನರು ಭೂಪಟದ ಮುಂದೆಯೇ ಮುದುಕನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಇಷ್ಟು ವರ್ಷದಲ್ಲಿ ಈ ದೇಶದಲ್ಲಿ ಎಲ್ಲರೂ ಅವರನ್ನು ಎಲ್ಲಿಂದ ಬಂದಿರಿ ಎಂದು ಕೇಳಿದ್ದರೇ ಹೊರತು, ಯಾರೂ ನಮ್ಮವರು ಎಂದಿರಲಿಲ್ಲ. ತಮ್ಮ ಫೋನ್ ನಂಬರು ಬರೆದುಕೊಟ್ಟರು, ಮುದುಕನದನ್ನು ಕೇಳಲು ಮರೆತರು. ಇಬ್ಬರ ಫೋಟೋವನ್ನು ನಾನೇ ತೆಗೆದೆ. ಆ ಫೋಟೋ ಮನೆ ಮುಟ್ಟುವ ಮೊದಲೇ ಸಂಘದ ವಾಟ್ಸಾಪಿಗೂ, ಅಲ್ಲಿಂದ ಚನ್ನಪಟ್ಟಣಕ್ಕೂ ಹೋಯಿತು.

ಚನ್ನಪಟ್ಟಣದಿಂದ ಉತ್ತರ ಬಂತು. ತಾಜುದ್ದೀನರ ಅಪ್ಪನ ಅಕ್ಕ, ಖುರ್ಷಿದ್ ಫುಪ್ಪು, ಕುಟುಂಬದಲ್ಲಿ ಉಳಿದಿರುವ ಹಿರಿಯ ಜೀವ, ಮೊಮ್ಮಗನಿಂದ ಫೋನ್ ಮಾಡಿಸಿ ಪರದೆಯ ತುಂಬ ಮುಖ ತಂದುಕೊಂಡು ಕೂತರು. ನಾನೂ ಅಲ್ಲಿದ್ದೆ. ಕಿವಿ ಮಂದವಾದ್ದರಿಂದ ಫುಪ್ಪು ಮಾತಾಡಿದ್ದು ಇಡೀ ಬೀದಿಗೆ ಕೇಳುವಂತೆ. ನಾನಿದ್ದೇನೆಂದು ದಕ್ಕನಿ ಉರ್ದು ಬಿಟ್ಟು ಕನ್ನಡದಲ್ಲೇ ಮಾತಾಡಿದರು.

"ಯಾರೋ ಬಿಳೀ ಮುದುಕನ್ನ ತಬ್ಬಿಕೊಂಡು ನಿಂತಿದ್ದೀಯಲ್ಲೋ. ಯಾರವನು?"

"ನಮ್ಮ ಸಂಬಂಧಿಕ ಫುಪ್ಪು. ನಮ್ಮ ಮುತ್ತಜ್ಜನ ಮುತ್ತಜ್ಜ ಫ್ರೆಂಚ್ ದಳಪತಿ. ಲಾಲಿ ಅನ್ನೋ ಹೆಸರು ಹಾಗೆ ಬಂದಿದ್ದು."

"ಯಾವ ಪತಿ? ನಿನ್ನ ಮುತ್ತಜ್ಜ ತೊಟ್ಟಿಲು ಮಾರ್ತಿದ್ದ. ತಲೆ ಮೇಲೆ ತೊಟ್ಟಿಲು ಹೊತ್ಕೊಂಡು ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲಾ ತಿರುಗೋನು. ಬಸುರಿ ಇರೋ ಮನೆ ಮುಂದೆ ನಿಂತು 'ಲಾಲೀ, ಲಾಲೀ' ಅಂತ ಜೋಗುಳದ ರಾಗ ಎಳೆಯೋನು. ಒಳಗಿನಿಂದ ಹೆಂಗಸರು ಲಾಲಿ ಸಾಬಿ ಬಂದ ಅನ್ನೋರು. ನಮ್ಮ ಅಪ್ಪನ್ನ ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ಅದನ್ನೇ ಬರ್ಕೊಂಡ್ರು. ಕೆಲವರು ತೊಟ್ಟಿಲಿಗೆ ಹಚ್ಚೋ ಅರಗಿನ ಕೆಂಪು ಬಣ್ಣಕ್ಕೆ ನಮ್ಮ ಉರ್ದುವಿನಲ್ಲಿ ಲಾಲಿ ಅಂದ್ರು ಅಂತಾರೆ. ಎರಡರಲ್ಲಿ ಯಾವ್ದು ಬೇಕೋ ಇಟ್ಕೋ."

"ಮತ್ತೆ ನನ್ನ ಮೂಗು?"

"ಅದು ನಿಮ್ಮಮ್ಮನ ಕಡೇದು. ಕುಣಿಗಲ್‌ನೋರಿಗೆಲ್ಲ ಹಾಗೇ ಇರುತ್ತೆ."

ತಾಜುದ್ದೀನರು ಆ ರಾತ್ರಿ ಊಟ ಮಾಡಲಿಲ್ಲ ಎಂದು ನಿಗಾರ್ ಹೇಳಿದರು. ಅವರಿಗೆ ಫ್ರೆಂಚ್ ಅಲ್ಲದಿರುವುದು ಅಷ್ಟು ನೋವಾಗಿರಲಿಲ್ಲ. ಲೈಬ್ರರಿಯಲ್ಲಿ ಕೈ ಹಿಡಿದುಕೊಂಡ ಮುದುಕನಿಗೆ ಏನು ಹೇಳಲಿ ಎಂಬುದೇ ಚಿಂತೆ. ಬೆಳಿಗ್ಗೆ ಬೇಲಿಯ ಸಂದಿಗೆ ಬಂದು, "ಹುಡುಕಿಕೊಂಡು ಹೋಗಿ ನಿಜ ಹೇಳಿಬಿಡ್ತೀನಿ. ಸುಳ್ಳು ಸಂಬಂಧ ಯಾಕೆ," ಎಂದರು. ಆದರೆ ಆ ಮನುಷ್ಯ ಎಲ್ಲಿರುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ. ಲೈಬ್ರರಿಗೆ ಎರಡು ಸಲ ಹೋದರೂ ಸಿಗಲಿಲ್ಲ.

ಸಿಗದಿದ್ದಕ್ಕೆ ಕಾರಣವಿತ್ತು. ಮೂರನೇ ದಿನ ಆಸ್ಪತ್ರೆಯಿಂದ ಫೋನ್ ಬಂತು. "ಮಿಸ್ಟರ್ ಲಾಲಿ ತಾನೆ? ನಿಮ್ಮ ಕಸಿನ್ ಫ್ರಾನ್ಸಿಸ್ ಮನೇಲಿ ಬಿದ್ದು ಸೊಂಟದ ಮೂಳೆ ಮುರ್ಕೊಂಡಿದ್ದಾರೆ. ಆಪರೇಷನ್ ಆಗಿದೆ. ಹತ್ತಿರದ ಸಂಬಂಧಿ ಯಾರು ಅಂದ್ರೆ ನಿಮ್ಮ ಹೆಸರು ಕೊಟ್ಟಿದ್ದಾರೆ."

ತಾಜುದ್ದೀನರು ನನ್ನನ್ನೂ ಕಟ್ಟಿಕೊಂಡು ಹೊರಟರು. ದಾರಿಯಲ್ಲಿ ಹೇಳಬೇಕಾದ ಮಾತನ್ನು ಕಾರಿನಲ್ಲೇ ಅಭ್ಯಾಸ ಮಾಡಿದರು. ಕೌಂಟ್ ಇಲ್ಲ, ಕಸಿನ್ ಅಲ್ಲ, ಕ್ಷಮಿಸಿ. ವಾರ್ಡಿನ ಬಾಗಿಲಲ್ಲಿ ನರ್ಸ್ ವರಲಕ್ಷ್ಮಿ ಎದುರಾದಳು. ಅವಳ ಕೈಯಲ್ಲಿ ಪ್ರಶ್ನೆಗಳ ಹೊರೆಯೇ ಇತ್ತು. ರೋಗಿ ಮಂಪರಿನಲ್ಲಿದ್ದಾರೆ, ಮನೆಯವರು ಹೇಳಲಿ ಎಂದು ಒಂದೊಂದಾಗಿ ಕೇಳತೊಡಗಿದಳು. ಮನೇಲಿ ಮೆಟ್ಟಿಲಿದೆಯಾ. ನೋಡಿಕೊಳ್ಳೋರು ಯಾರು. ಟೀಗೆ ಸಕ್ಕರೆ ಎಷ್ಟು. ತಾಜುದ್ದೀನರಿಗೆ ನಡುವೆ ಬಾಯಿ ಹಾಕಲು ಸಂದು ಸಿಗಲಿಲ್ಲ. ಸಕ್ಕರೆ ಎರಡು ಚಮಚ ಎಂದು ತಮ್ಮದನ್ನೇ ಹೇಳಿದರು. "ಧರ್ಮ?" ಎಂದಳು. ಅಭ್ಯಾಸಬಲದಿಂದ "ಮುಸ್ಲಿಂ" ಎಂದರು. ಅವಳು ಬರೆದುಕೊಂಡಳು.

ಆಮೇಲೆ ನಮ್ಮಿಬ್ಬರ ಪಿಸುಮಾತು ಕೇಳಿಸಿಕೊಂಡು, "ನೀವು ಕನ್ನಡದೋರಾ? ನಾನು ಕೋಲಾರ," ಎಂದು ನಕ್ಕಳು. ನಗು ಮುಗಿದ ಮೇಲೆ ಹುಬ್ಬು ಗಂಟಿಕ್ಕಿತು. "ಮತ್ತೆ ಇವರು ನಿಮಗೆ ಕಸಿನ್ ಹೇಗೆ ಸಾರ್?"

"ದೂರದ ಸಂಬಂಧ," ಎಂದರು ತಾಜುದ್ದೀನ್.

"ಎಷ್ಟು ದೂರ?"

"ಮಧ್ಯೆ ಸಮುದ್ರ ಇದೆ."

ಅಲ್ಲಿಂದ ಅವರು ದಿನವೂ ಹೋಗಿ ಬಂದರು. ದಿನವೂ ಹೊರಡುವಾಗ "ಇವತ್ತು ಹೇಳ್ತೀನಿ" ಎನ್ನುವರು, ಬಂದು "ಇವತ್ತು ಆಗ್ಲಿಲ್ಲ" ಎನ್ನುವರು. ಒಂದು ದಿನ ಫ್ರ್ಯಾಂಕ್ ನೋವಿನಲ್ಲಿದ್ದರು. ಇನ್ನೊಂದು ದಿನ ಖುಷಿಯಲ್ಲಿದ್ದರು. ಮತ್ತೊಂದು ದಿನ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಆಸ್ಪತ್ರೆಯ ಇಮಾಮರು ಕೂತಿದ್ದರು. ಧರ್ಮದ ಕಾಲಂ ನೋಡಿ ಬಂದವರು. ಫ್ರ್ಯಾಂಕ್ ಹುಟ್ಟಾ ಕ್ಯಾಥೊಲಿಕ್, ಆದರೆ ಚರ್ಚಿಗೆ ಹೋಗಿ ಕಾಲವಾಗಿತ್ತು. ಯಾರೋ ತನ್ನನ್ನು ನೋಡಲು ಬಂದಿದ್ದಾರೆಂಬುದೇ ಅವರಿಗೆ ಮುಖ್ಯವಾಗಿ, ಯಾಕೆ ಎಂದು ಕೇಳಿರಲೇ ಇಲ್ಲ. ಇಮಾಮರಿಗೂ ಫುಟ್‌ಬಾಲ್ ಹುಚ್ಚು. ಇಬ್ಬರೂ ಸೇರಿ ಊರ ತಂಡದ ಗೋಲ್‌ಕೀಪರನ್ನು ಬಯ್ಯುತ್ತಿದ್ದರು. ಊಟಕ್ಕೆ ಹಲಾಲ್ ಕೋಳಿಸಾರು ಬರುತ್ತಿತ್ತು. "ಈ ಆಸ್ಪತ್ರೆ ಊಟವನ್ನು ಜನ ಯಾಕೆ ಬಯ್ತಾರೋ ಗೊತ್ತಿಲ್ಲ," ಎಂದು ಅವರು ತಟ್ಟೆ ಒರೆಸಿ ತಿನ್ನುತ್ತಿದ್ದರು. ಪಕ್ಕದ ಹಾಸಿಗೆಯವನು ಬೇಯಿಸಿದ ಬಟಾಣಿಯ ಮುಂದೆ ಕೂತು ಹೊಟ್ಟೆಯುರಿಯಿಂದ ನೋಡುತ್ತಿದ್ದ.

ಇಷ್ಟರಲ್ಲಿ ಗುರ್ಮೀತರೂ ಬಂದು ಸೇರಿದರು. ಫ್ರ್ಯಾಂಕ್ ವಾರ್ಡಿನ ಯಾರಿಂದಲೋ ಡೈರೆಕ್ಟರಿಯಲ್ಲಿ ಹುಡುಕಿಸಿ ಲಾಲಿಗೆಂದು ಫೋನ್ ಮಾಡಿಸಿದಾಗ, ಎಂದಿನಂತೆ ಅದು ಟೈಲ್ಸ್ ಅಂಗಡಿಗೆ ಹೋಗಿತ್ತು. ಶೇವಿಂಗ್ ಬ್ಲೇಡು ಬೇಕು ಎಂದಿದ್ದರಂತೆ. ಗುರ್ಮೀತರು ಏನೂ ವಿಚಾರಿಸದೆ, ತಮ್ಮ ಜೀವನದಲ್ಲೇ ಮೊದಲ ಬಾರಿಗೆ ಶೇವಿಂಗ್ ಬ್ಲೇಡು ಕೊಂಡು, ಜೊತೆಗೆ ಹೆಂಡತಿ ಮಾಡಿದ ಮೂಲಂಗಿ ಪರೋಟ ಕಟ್ಟಿಸಿಕೊಂಡು ಬಂದುಬಿಟ್ಟರು. ವರಲಕ್ಷ್ಮಿ ಅವರನ್ನು ಬಾಗಿಲಲ್ಲಿ ತಡೆದು "ನೀವು ಯಾರಾಗಬೇಕು?" ಎಂದಳು. "ಲಾಲಿ," ಎಂದರು ಗುರ್ಮೀತ್, ಪೇಟ ಸರಿಮಾಡಿಕೊಂಡು. ಅವಳು ನನ್ನ ಕಡೆ ನೋಡಿದಳು. ನಾನು ಮೇಲಿನ ದೀಪ ನೋಡಿದೆ.

ಕೊನೆಗೂ ಒಂದು ಮಧ್ಯಾಹ್ನ ತಾಜುದ್ದೀನರು ಹೇಳಿದರು. ಫ್ರ್ಯಾಂಕ್ ಕಿಟಕಿಯ ಪಕ್ಕ ಕೂತಿದ್ದರು. ಆ ವಾರ ಅವರಿಗೆ ಕೆಮ್ಮು ಶುರುವಾಗಿ ಕೊಂಚ ಇಳಿದುಹೋಗಿದ್ದರು. ತಾಜುದ್ದೀನರು ಕುರ್ಚಿಯ ತುದಿಯಲ್ಲಿ ಕೂತು, ಶಾಲೆಯ ಹುಡುಗ ಪಾಠ ಒಪ್ಪಿಸುವಂತೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದರು. ಮಂಗಳವಾರದ ಕೆಟಲು, ಹೈದರಾಲಿ, ಮೂಗು, ಫುಪ್ಪು, ತೊಟ್ಟಿಲು.

"ನಾನು ನಿಮ್ಮ ಕಸಿನ್ ಅಲ್ಲ ಫ್ರ್ಯಾಂಕ್. ಯಾವ ಲೆಕ್ಕದಲ್ಲೂ ಅಲ್ಲ."

ಫ್ರ್ಯಾಂಕ್ ಕಿಟಕಿಯಾಚೆಯ ರಸ್ತೆಯ ಕಡೆಗೆ ಬೆರಳು ತೋರಿಸಿದರು.

"ನಾನು ಹುಡುಗನಾಗಿದ್ದಾಗ ಈ ಊರಿಗೆ ರಸ್ತೆ ಕೆಲಸಕ್ಕೆ ಬಂದವನು," ಎಂದರು. "ಈ ರಿಂಗ್ ರೋಡ್ ಇದೆಯಲ್ಲ, ಅದರಲ್ಲಿ ಅರ್ಧ ನನ್ನ ಕೈಯಲ್ಲಿ ಆಗಿದ್ದು. ಜೊತೆಗಿದ್ದವರೆಲ್ಲ ಹೋದರು. ಆಂಬ್ಯುಲೆನ್ಸಿನ ಹುಡುಗ ಕೇಳಿದ, ಯಾರಿಗೆ ಹೇಳಿಕಳಿಸೋಣ ಅಂತ. ನಾನು ಮಲಗಿದ್ದ ಹಾಗೇ ಬಹಳ ಯೋಚನೆ ಮಾಡಿದೆ. ಒಂದು ಹೆಸರೂ ಹೊಳೀಲಿಲ್ಲ. ಆ ಹುಡುಗ ಪೆನ್ನು ಹಿಡ್ಕೊಂಡು ಕಾಯ್ತಾ ಇದ್ದ. ನನಗೆ ನಾಚಿಕೆ ಆಯ್ತು ತಾಜ್. ಬಿದ್ದಿದ್ದಕ್ಕಲ್ಲ. ಅದಕ್ಕೆ."

ತಾಜುದ್ದೀನರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ನಿಮ್ಮ ಕೌಂಟ್ ಕಥೆ ನಾನು ಒಂದಕ್ಷರಾನೂ ನಂಬಿರಲಿಲ್ಲ. ನಮ್ಮ ಕಡೆ ಪ್ರತಿ ಲಾಲಿಯೂ ಕುಡಿದಾಗ ಕೌಂಟನ ಮೊಮ್ಮಗನೇ. ಆದರೆ ಊರವರ ಮುಂದೆ ನಿಂತು, ಭೂಪಟ ಹಾಕಿ, ನೆಂಟರಿಗಾಗಿ ಅಷ್ಟು ಹುಡುಕಾಡೋ ಮನುಷ್ಯ ಕೆಟ್ಟವನಿರಲಾರ ಅನ್ನಿಸ್ತು. ಅದಕ್ಕೇ ನಿಮ್ಮ ನಂಬರು ಕೊಟ್ಟೆ. ತಪ್ಪಾಗಿದ್ರೆ ತೆಗೆಸಿಬಿಡ್ತೀನಿ."

"ಬೇಡ, ಇರಲಿ," ಎಂದರು ತಾಜುದ್ದೀನ್. ಆಮೇಲೆ, ಇನ್ನೂ ಒಂದು ಹೊರೆ ಇಳಿಸುವುದಿತ್ತಾದ್ದರಿಂದ, "ಇನ್ನೊಂದು ವಿಷಯ. ಇಲ್ಲಿ ನಿಮ್ಮನ್ನ ಮುಸ್ಲಿಂ ಅಂತ ಬರೆಸಿದ್ದೀನಿ."

ಫ್ರ್ಯಾಂಕ್ ಕೆಮ್ಮುತ್ತ ಕೆಮ್ಮುತ್ತ ನಕ್ಕರು. "ಓ, ಹಾಗಾ ವಿಷಯ. ಸದ್ಯಕ್ಕೆ ಬದಲಾಯಿಸ್ಬೇಡಿ. ನಾಳೆ ಕುರಿಮಾಂಸ ಇದೆ ಅಂದಿದ್ದಾರೆ."

ನಿಗಾರ್ ಅಷ್ಟರಲ್ಲೇ ತಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಫ್ರ್ಯಾಂಕ್‌ಗೆಂದು ಮಂಚ ಹಾಕಿಸಿದ್ದರು. ಮೆಟ್ಟಿಲು ಹತ್ತಬೇಕಿಲ್ಲದ ಮನೆಗೆ ಹೋಗುವುದಾದರೆ ಡಿಸ್ಚಾರ್ಜ್ ಮಾಡುತ್ತೇವೆ ಎಂದು ಡಾಕ್ಟರು ಹೇಳಿದ್ದರು. "ಲೆಕ್ಕ ಸರಿ ಇದೆ, ಯುಸ್ರಾ ಲೀಡ್ಸಿನಲ್ಲಿ, ಆ ಕೋಣೆ ಖಾಲಿ," ಎಂದಷ್ಟೇ ಹೇಳಿ ಆಕೆ ಹೊಸ ಹೊದಿಕೆ ತಂದರು. ಗುರ್ಮೀತರು ಬಚ್ಚಲಿಗೆ ಕಾಲು ಜಾರದ ಟೈಲ್ಸ್ ಹಾಕಿಸಿಕೊಟ್ಟರು. ಆದರೆ ಕೆಮ್ಮು ಎದೆಗೆ ಇಳಿಯಿತು. ಮಂಚ ಹಾಕಿದ ವಾರವೇ, ಒಂದು ಬೆಳಿಗ್ಗೆ, ಫ್ರ್ಯಾಂಕ್ ಆಸ್ಪತ್ರೆಯಲ್ಲೇ ತೀರಿಹೋದರು. ಹಾಸಿಗೆಯ ಒಂದು ಕಡೆ ತಾಜುದ್ದೀನರಿದ್ದರು, ಇನ್ನೊಂದು ಕಡೆ ವರಲಕ್ಷ್ಮಿ. ತಾಜುದ್ದೀನರು ಫಾದರನ್ನು ಕರೆಸಿದ್ದರು. ಇಮಾಮರು ಕರೆಯದೆಯೂ ಬಂದಿದ್ದರು.

ಫ್ರ್ಯಾಂಕ್ ಕೊನೆಯ ದಿನಗಳಲ್ಲಿ ತಂಗಿಯ ಮಗಳೊಬ್ಬಳು ಟೂಮ್‌ನಲ್ಲಿದ್ದಾಳೆ ಎಂದಿದ್ದರು. ತಂಗಿಯ ಮದುವೆಯಲ್ಲಿ ಏನೋ ಮಾತು ಬಂದು, ಅಂದು ಬಿಟ್ಟ ಮನೆಗೆ ಅವರು ಮತ್ತೆ ಹೋಗಿರಲಿಲ್ಲ. ಆ ಮಾತು ಏನೆಂಬುದೇ ಈಗ ತನಗೆ ನೆನಪಿಲ್ಲ ಎಂದರಂತೆ. ಹುಡುಗಿಯ ಹೆಸರು ನೋರಾ ಎಂಬುದೊಂದೇ ಗೊತ್ತು. ತಾಜುದ್ದೀನರು ಟೂಮ್‌ನ ಚರ್ಚಿಗೇ ಫೋನ್ ಮಾಡಿ, ಅಲ್ಲಿನವರಿಂದ ಆಕೆಗೆ ಸುದ್ದಿ ಮುಟ್ಟಿಸಿದರು. ಬರುತ್ತಾಳೋ ಇಲ್ಲವೋ ತಿಳಿಯಲಿಲ್ಲ.

ಅಂತ್ಯಸಂಸ್ಕಾರದ ದಿನ ನಾವೆಲ್ಲ ಚರ್ಚಿನ ಕಡೆಯ ಸಾಲಿನಲ್ಲಿ ಕೂತೆವು. ಅಲ್ಲಿ ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂಬುದು ಗೊತ್ತಿರದವರಿಗೆ ಹಿಂದಿನ ಸಾಲೇ ಕ್ಷೇಮ. ಶವಪೆಟ್ಟಿಗೆ ಮುಂದೆ ಇತ್ತು. ಅದರ ಪಕ್ಕದ ಮೊದಲ ಬೆಂಚು ಮನೆಯವರಿಗೆಂದು ಮೀಸಲು. ಅದು ಖಾಲಿಯಿತ್ತು. ಲೈಬ್ರರಿಯ ವೃದ್ಧರು ಅಲ್ಲಲ್ಲಿ ಚದುರಿ ಕೂತಿದ್ದರು. ಫಾದರು ಪುಸ್ತಕ ತೆರೆದು, ಆ ಬೆಂಚು ನೋಡಿ, ಮತ್ತೆ ಮುಚ್ಚಿದರು. ಅಂತ್ಯಕ್ರಿಯೆಯ ಏರ್ಪಾಡು ನೋಡುವ ಕಂಪನಿಯ ಕಪ್ಪು ಕೋಟಿನವನು ನಡುವಿನ ದಾರಿಯಲ್ಲಿ ಮೆಲ್ಲಗೆ ನಡೆದುಬಂದು, ಎಲ್ಲರಿಗೂ ಕೇಳುವಷ್ಟು ಮೆಲುದನಿಯಲ್ಲಿ, "ಲಾಲಿ ಮನೆತನದವರು ಯಾರಾದರೂ ಇದ್ದಾರೆಯೇ?" ಎಂದ.

ತಾಜುದ್ದೀನರು ತಲೆ ತಗ್ಗಿಸಿದರು. ಅವರ ಕಿವಿ ಕೆಂಪಾಗಿದ್ದು ನನಗೆ ಕಾಣುತ್ತಿತ್ತು. ಒಮ್ಮೆ ಊರ ಮುಂದೆ ಸುಳ್ಳು ಹೇಳಿ ಸಿಕ್ಕಿಬಿದ್ದವರು, ಈಗ ದೇವರ ಮನೆಯಲ್ಲಿ ಹೇಗೆ ಏಳುವುದು.

ಎದ್ದವರು ಗುರ್ಮೀತ್. "ಲಾಲಿ," ಎಂದರು, ಹಾಜರಿ ಹೇಳುವವರಂತೆ. ಅವರ ಹೆಂಡತಿಯೂ ದುಪಟ್ಟಾ ಸರಿಮಾಡಿಕೊಂಡು ಎದ್ದರು. ಅಂತ್ಯಕ್ರಿಯೆಯವನು ಪೇಟ ನೋಡಿ ಒಂದು ಕ್ಷಣ ತಡೆದ. ಆಗ ತಾಜುದ್ದೀನರು ಎದ್ದರು, ನಿಗಾರ್ ಎದ್ದರು, ಅವತ್ತಿಗೆಂದೇ ಲೀಡ್ಸಿನಿಂದ ಬಂದಿದ್ದ ಯುಸ್ರಾ ಎದ್ದಳು. ಎಲ್ಲರೂ ಸಾಲಾಗಿ ಮುಂದೆ ನಡೆದರು. ಹೋಗುವಾಗ ತಾಜುದ್ದೀನರು ನನ್ನ ತೋಳನ್ನೂ ಹಿಡಿದೆಳೆದರು. "ನಾನು ಪಾಟೀಲ," ಎಂದು ಪಿಸುಗುಟ್ಟಿದೆ. "ಬನ್ನಿ ಸುಮ್ಮನೆ," ಎಂದರು. ಬೆಂಚು ತುಂಬಿತು. ಫಾದರು ಪುಸ್ತಕ ತೆರೆದರು.

ಪ್ರಾರ್ಥನೆ ಅರ್ಧವಾಗಿದ್ದಾಗ ಹಿಂದಿನ ಬಾಗಿಲು ತೆರೆದುಕೊಂಡು ಐವತ್ತರ ಆಸುಪಾಸಿನ ಹೆಂಗಸೊಬ್ಬರು, ಕೈಯಲ್ಲಿ ಚಕ್ರದ ಪೆಟ್ಟಿಗೆ ಎಳೆದುಕೊಂಡು, ಏದುಸಿರು ಬಿಡುತ್ತ ಬಂದರು. ವಿಮಾನ ತಡವಾಗಿತ್ತು. ಅಂತ್ಯಕ್ರಿಯೆಯವನು ಬೆಂಚಿನ ಹತ್ತಿರ ಅವರನ್ನು ತಡೆದು, "ಇದು ಲಾಲಿ ಮನೆಯವರಿಗೆ," ಎಂದ.

"ನಾನು ನೋರಾ ಡೆವ್ಲಿನ್. ಅವರ ತಂಗಿಯ ಮಗಳು."

ಅವನು ಪೂರಾ ಗೊಂದಲಕ್ಕೆ ಬಿದ್ದ. ಬೆಂಚಿನಲ್ಲಿ ಲಾಲಿಗಳು ತುಂಬಿದ್ದರು, ಒಬ್ಬರ ಮುಖವೂ ಶವಪೆಟ್ಟಿಗೆಯೊಳಗಿನವರನ್ನು ಹೋಲುತ್ತಿರಲಿಲ್ಲ. ಮೂಗು ಕಣ್ಣು ಎಲ್ಲ ಫ್ರ್ಯಾಂಕ್‌ನದೇ ಎಂಬಂತಿದ್ದ ಒಬ್ಬಳೇ ಒಬ್ಬಳಿಗೆ ಆ ಹೆಸರಿರಲಿಲ್ಲ. ಅವನು ಏನಾದರೂ ಹೇಳುವ ಮೊದಲೇ ತಾಜುದ್ದೀನರು ಸರಿದರು, ನಿಗಾರ್ ಸರಿದರು, ಯುಸ್ರಾ, ಗುರ್ಮೀತ್, ಗುರ್ಮೀತರ ಹೆಂಡತಿ ಎಲ್ಲರೂ ಸರಿದರು. ಬೆಂಚಿನ ಆ ತುದಿಯಲ್ಲಿದ್ದ ನಾನು ಎದ್ದು ನಿಲ್ಲಬೇಕಾಯಿತು. ನೋರಾ ಕೂತರು. ಉಳಿದ ಪ್ರಾರ್ಥನೆಯನ್ನು ನಾನು ಗೋಡೆಗೊರಗಿ ಕೇಳಿದೆ.

ಎಲ್ಲ ಮುಗಿದ ಮೇಲೆ ಚರ್ಚಿನ ಹಾಲಿನಲ್ಲಿ ಚಹಾ ಇತ್ತು. ಗುರ್ಮೀತರ ಸಮೋಸಾ, ನಿಗಾರರ ಶಾಮಿ ಕಬಾಬು, ವೃದ್ಧರು ತಂದ ಸೌತೆಕಾಯಿ ಸ್ಯಾಂಡ್‌ವಿಚ್ಚು ಒಂದೇ ಮೇಜಿನ ಮೇಲಿದ್ದವು. ನೋರಾ ತಟ್ಟೆ ಹಿಡಿದುಕೊಂಡು ತಾಜುದ್ದೀನರ ಎದುರಿಗೆ ಬಂದು ಕೂತರು. ಅವರ ಕಣ್ಣು ಇನ್ನೂ ಕೆಂಪಗಿತ್ತು.

"ಫೋನ್ ಮಾಡಿಸಿದ್ದು ನೀವೇ ಅಲ್ವಾ? ಫಾದರು ಹೇಳಿದರು, ಕೊನೆಯವರೆಗೂ ನೀವು ಇದ್ದಿರಂತೆ. ನನಗೆ ನಮ್ಮ ನೆಂಟರೇ ಸರಿಯಾಗಿ ಗೊತ್ತಿಲ್ಲ. ನೀವು ಯಾವ ಕಡೆಯ ಲಾಲಿ?"

ಗುರ್ಮೀತರು ಸಮೋಸಾ ಮುರಿಯುವುದನ್ನು ನಿಲ್ಲಿಸಿದರು. ನಿಗಾರ್ ಗಂಡನ ಮುಖ ನೋಡಿದರು.

"ತೊಟ್ಟಿಲು ಮಾರೋರ ಕಡೆಯವನು," ಎಂದರು ತಾಜುದ್ದೀನ್. "ಚನ್ನಪಟ್ಟಣ ಅಂತ ಊರು. ಫ್ರಾನ್ಸೂ ಇಲ್ಲ, ಐರ್ಲೆಂಡೂ ಇಲ್ಲ. ನಮ್ಮ ಮುತ್ತಜ್ಜ ತಲೆ ಮೇಲೆ ತೊಟ್ಟಿಲು ಹೊತ್ಕೊಂಡು ಮಾರ್ತಿದ್ರು."

ನೋರಾ ತಟ್ಟೆಯಿಂದ ಒಂದು ಕಬಾಬು ಎತ್ತಿಕೊಂಡರು.

"ಒಳ್ಳೇದಾಯ್ತು," ಎಂದರು. "ಲಾಲಿ ಅನ್ನೋರು ಫೋನ್ ಮಾಡಿದ್ರು ಅಂದಾಗ, ಯಾರೋ ಕೌಂಟನ ಮನೆಯವರು ಸಿಗ್ತಾರೆ ಅಂತ ದಾರಿಯುದ್ದಕ್ಕೂ ಹೆದರಿದ್ದೆ. ನಮ್ಮ ಮನೇಲಿ ಅಂಥವರು ಯಾರೂ ಇರಲಿಲ್ಲ. ಇದ್ದಿದ್ದು ಒಂದು ಹಸು. ಅದೂ ಅರ್ಧ ಪಕ್ಕದ ಮನೆಯವರದು."

ತಾಜುದ್ದೀನರು ಬಹಳ ಗಂಭೀರವಾಗಿ ಕೇಳಿದರು. "ಹಸುವಿನ ಹೆಸರೇನು?"

ನೋರಾ ಕಬಾಬು ಬಾಯಿಗಿಡಲು ಹೋದವರು ತಡೆದು, ಆ ದಿನ ಮೊದಲ ಬಾರಿಗೆ ನಕ್ಕರು.

"ಅದಕ್ಕೆ ಹೆಸರೇ ಇಟ್ಟಿರಲಿಲ್ಲ. ಹಸು ಅಂತಲೇ ಅನ್ನುತ್ತಿದ್ದೆವು. ಕರೆದರೆ ಬರುತ್ತಿತ್ತು."